ಬಾಗಿಲ ಬಳಿಯ ಚಾಪೆ

ಅವರ ಎಣಿಕೆಗೂ ನನ್ನ ಎಣಿಕೆಗೂ ಎಂಟು ವರ್ಷದಲ್ಲಿ ಹೆಚ್ಚೆಂದರೆ ಹತ್ತು ಭಾನುವಾರ ತಾಳೆಯಾಗಿರಬಹುದು. ಮಸ್ಕಿಯ ನಮ್ಮ ಸಣ್ಣ ಚರ್ಚಿನಲ್ಲಿ ಆರಾಧನೆಯ ಹಾಜರಿ ಬರೆಯುವುದು ನನ್ನ ಕೆಲಸ. ಪಿಯುಸಿ ಮುಗಿಸಿದ ವರ್ಷ ಅದು ನನ್ನ ಕೈಗೆ ಬಂತು. ಈಗ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಆದರೂ ಆ ಉದ್ದನೆಯ ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ. ಎರಡನೇ ಹಾಡು ಮುಗಿಯುವಷ್ಟರಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು, ಮಕ್ಕಳೆಷ್ಟು ಎಂದು ಬರೆದುಕೊಳ್ಳುತ್ತೇನೆ. ಅದೇ ಹೊತ್ತಿಗೆ ಹಿಂದಿನ ಗೋಡೆಗೆ ಒರಗಿ ಕುಳಿತ ಆ ಮುದುಕರೂ ತೋರುಬೆರಳು ಆಡಿಸುತ್ತ ತಲೆ ಎಣಿಸುತ್ತಿದ್ದರು. ಪ್ರಾರ್ಥನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುವಾಗ ನಮ್ಮ ಜಗಳ ಶುರುವಾಗುತ್ತಿತ್ತು.

“ಎಷ್ಟು ಬಂತು, ಲೆಕ್ಕದ ಟೀಚರ?”

“ಅರವತ್ತೊಂದು ರೀ ತಾತ.”

“ಅರವತ್ತೆರಡು.”

“ಇಲ್ರೀ. ಎರಡು ಸಲ ಎಣಿಸೀನಿ.”

“ಹೊರಗ ಬೇವಿನ ಗಿಡದ ಬುಡಕ ಒಬ್ಬಾವ ಬೈಕ್ ಮ್ಯಾಲೆ ಕುಂತಿದ್ದ. ಅವನ್ನ ಹಿಡದಿಯೇನು?”

“ಅವ ಒಳಗ ಬಂದಿಲ್ಲಲ್ರೀ.”

“ಬಂದಾನಬೇ. ಬಾಗಲಾ ಒಂದು ಉಳದೈತಿ.”

ನಾನು ಪುಸ್ತಕದಲ್ಲಿ ಅರವತ್ತೊಂದೇ ಬರೆಯುತ್ತಿದ್ದೆ. ಅವರು ಅದನ್ನು ಇಣುಕಿ ನೋಡಿ, ಬರೆದದ್ದು ಬರೆದುಕೋ ಎನ್ನುವ ಹಾಗೆ ಕೈ ಬೀಸಿ ಹೋಗುತ್ತಿದ್ದರು.

ಅವರು ಕಳೆದ ಜುಲೈ ಎರಡನೇ ವಾರದಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆದದ್ದೂ ಇಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರು ದಾರಿಯಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವರಾದ್ದರಿಂದ ಎಲ್ಲರಿಗೂ ಅವರು ಕಂಡಕ್ಟರ್ ತಾತ. ನಿವೃತ್ತರಾದ ಮೇಲೆ ನಮ್ಮ ಚರ್ಚಿನ ಉಪದೇಶಿಯಾದರು. ಸಂಬಳವಿಲ್ಲದ ಹುದ್ದೆ ಅದು: ಸಭಾಪಾಲಕರು, ಅಂದರೆ ನಮ್ಮ ಪಾದ್ರಿಗಳು, ಊರಲ್ಲಿ ಇಲ್ಲದಾಗ ಬೈಬಲ್ ವಾಕ್ಯ ಓದಿ ನಾಲ್ಕು ಮಾತು ಹೇಳುವುದು, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು. ಹಳೆಯ ಸೀಟಿಯನ್ನು ಬೀಗದ ಕೈ ಗೊಂಚಲಿಗೆ ಸಿಕ್ಕಿಸಿಕೊಂಡಿದ್ದರು. ಯಾರಾದರೂ ಪ್ರಾರ್ಥನೆಯನ್ನು ಬಹಳ ಎಳೆದರೆ, ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ “ರೈಟ್, ರೈಟ್” ಅನ್ನುತ್ತಿದ್ದರು. ಅಕ್ಕಪಕ್ಕದವರು ನಗು ತಡೆದುಕೊಳ್ಳಲು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

ತಲೆ ಎಣಿಸುವ ಚಾಳಿ ಎಲ್ಲಿಂದ ಬಂತೆಂದು ನಾನೊಮ್ಮೆ ಕೇಳಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ಮಸ್ಕಿಯಲ್ಲಿ ಚಹಾಕ್ಕೆ ನಿಂತ ಬಸ್ಸು ಹೊರಟಾಗ ಅವರು ಹಿಂದೆ ನೋಡದೆ ಸೀಟಿ ಊದಿದ್ದರಂತೆ. ನಾಲ್ಕೈದು ಮೈಲಿ ಹೋದ ಮೇಲೆ ಒಂದು ಸೀಟಿನಲ್ಲಿ ಬರೀ ಗಂಟು ಕಂಡಿತು. ಗಂಟಿನ ಮುದುಕಿ ಮಸ್ಕಿಯಲ್ಲೇ ಉಳಿದಿದ್ದಳು. ಅವರು ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿ, ಎದುರಿಗೆ ಬಂದ ಲಾರಿ ಹತ್ತಿ ವಾಪಸ್ ಹೋದರು.

“ಬಸ್ಸಿನ್ಯಾಗ ಇದ್ದವರು ಏನಂದ್ರು ತಾತ?”

“ಏನಂತಾರ? ಒಬ್ಬ ಮುದುಕಿ ಸಲುವಾಗಿ ಇಷ್ಟು ಮಂದಿ ಬಿಸಲಾಗ ಬೇಯಬೇಕೇನಲೇ ಮಗನ ಅಂದ್ರು. ನಮ್ಮವ್ವ ಅಪ್ಪ ಇಬ್ಬರನ್ನೂ ಮಾತಾಡಿಸಿದ್ರು. ಡಿಪೋದಾಗ ಮೆಮೋ ಕೊಟ್ರು.”

“ಮುದುಕಿ?”

“ಆಕಿನೂ ಬೈದಳು. ಬಿಟ್ಟು ಹೋದಿ ಅಂತಲ್ಲ, ಗಂಟು ಸೀಟಿನ ಮ್ಯಾಲೆ ಹಂಗ ಬಿಟ್ಟು ಬಂದೀಯಲ್ಲೋ ಅಂತ.”

ನಾನು ಇದನ್ನು ಆ ದಿನದ ದಿನಚರಿಯಲ್ಲಿ ಬರೆದುಕೊಂಡೆ. ನನಗೆ ಯಾವುದನ್ನೂ ಬರೆಯದೆ ಬಿಟ್ಟು ಗೊತ್ತಿರಲಿಲ್ಲ.

ತಾತ ಒಂದು ಕಾಲದಲ್ಲಿ ಸಭೆ ಬಿಟ್ಟು ಹೋದವರು. ಕುಡಿತಕ್ಕೆ ಬಿದ್ದು, ಚರ್ಚಿನ ಬೀದಿಯಲ್ಲಿ ನಡೆಯುವುದನ್ನೂ ತಪ್ಪಿಸಿ, ಬಸ್ ಸ್ಟ್ಯಾಂಡಿನಿಂದ ಸುತ್ತುಬಳಸಿ ಮನೆಗೆ ಹೋಗುತ್ತಿದ್ದರಂತೆ. ಎಷ್ಟು ವರ್ಷ ಎಂಬುದು ನನಗೆ ಗೊತ್ತು, ಅವರೇ ಹೇಳಿದ್ದರು. ಆ ಲೆಕ್ಕವನ್ನು ಇಲ್ಲಿ ಯಾಕೆ ಕೊಡುತ್ತಿಲ್ಲ ಎಂಬುದು ಮುಂದೆ ತಿಳಿಯುತ್ತದೆ. ಅವರು ತಮ್ಮ ಕಥೆಯನ್ನು ಮುಚ್ಚಿಟ್ಟವರಲ್ಲ. ಹದಿಹರೆಯದ ನಮಗೆಲ್ಲ ವಾಕ್ಯ ಕಲಿಸುವಾಗ ಒಮ್ಮೆ ನಾನು ಎದ್ದು ನಿಂತು ಒಂದು ಕಷ್ಟದ ಪ್ರಶ್ನೆ ಕೇಳಿದೆ: ಒಮ್ಮೆ ಬೆಳಕು ಕಂಡು, ರುಚಿ ನೋಡಿ, ಆಮೇಲೆ ಬಿದ್ದವರನ್ನು ಮತ್ತೆ ಮಾನಸಾಂತರಕ್ಕೆ, ಪಶ್ಚಾತ್ತಾಪಕ್ಕೆ, ತರುವುದು ಆಗದ ಮಾತು ಎಂದು ಬೈಬಲಿನಲ್ಲಿ ಒಂದು ಕಡೆ ಬರೆದಿದೆಯಲ್ಲ, ಹಾಗಾದರೆ ಹಿಂಜಾರಿದವರ ಗತಿ ಏನು?

ತಾತ ಕನ್ನಡಕ ತೆಗೆದು ಒರೆಸಿಕೊಂಡರು.

“ಆ ಮಾತು ನಾನೂ ಓದಿದ್ದೆ ತಂಗಿ. ಅದಕ್ಕ ಹೆದರೇ ಇನ್ನಷ್ಟು ವರ್ಷ ಕುಡದೆ. ಹೆಂಗೂ ನನ್ನ ಸೀಟು ಹೋತು, ಇನ್ಯಾಕ ಓಡಿ ಬಸ್ ಹಿಡೀಲಿ ಅಂತ.”

“ಮತ್ತ ಹೆಂಗ ಬಂದ್ರಿ?”

“ಆಗಿದ್ದ ಸಭಾಪಾಲಕರು ಒಂದಿನ ನನ್ನ ಬಸ್ ಹತ್ತಿದ್ರು. ಟಿಕೆಟ್ ಕೊಡುವಾಗ ಕೇಳೇಬಿಟ್ಟೆ, ನನ್ನಂಥವಂಗ ಇನ್ನ ಜಾಗ ಐತೇನ್ರಿ ಅಂತ. ಅವರು ಅಂದ್ರು: ಆ ಮಾತು ಓದಿ ನಿನ್ನ ಎದಿ ಝಲ್ ಅಂತೈತೇನು? ಹೌದ್ರಿ ಅಂದೆ. ಪೂರಾ ಕೈಬಿಟ್ಟು ಹೋದಾವಂಗ ಹಂಗನಸಂಗಿಲ್ಲಪಾ, ಬಾ ಅಂದ್ರು. ಹಿಂದಿನ ಸೀಟಿನವರು ಚಿಲ್ರಿ ಚಿಲ್ರಿ ಅಂತ ಒದರಾಕತ್ತಿದ್ರು, ನಾ ಅಲ್ಲೇ ಕಣ್ಣೀರು ಒರಸ್ಕೊಂತ ನಿಂತಿದ್ದೆ.”

ನಮ್ಮ ಸಭೆಯಲ್ಲಿ ಒಂದು ಹಳೆಯ ರೂಢಿಯಿದೆ. ಬಹಳ ಕಾಲ ಬಿಟ್ಟು ಹೋಗಿ ಮರಳಿ ಬಂದವರು ಮೂರು ಭಾನುವಾರ ಬಾಗಿಲ ಬಳಿಯ ಚಾಪೆಯ ಮೇಲೆ ಕೂಡುತ್ತಾರೆ. ಮೂರನೇ ಭಾನುವಾರ ಎದ್ದು ನಿಂತು ತಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತಾರೆ. ಸಭೆ ಒಂದು ಹಾಡು ಹಾಡುತ್ತದೆ, ಆಮೇಲೆ ಅವರು ಮುಂದೆ ಬಂದು ಎಲ್ಲರ ಜೊತೆ ಕರ್ತನ ಭೋಜನದಲ್ಲಿ ರೊಟ್ಟಿ ಮುರಿದು ತಿನ್ನಬಹುದು. ಆ ಚಾಪೆಯ ಮೇಲೆ ಕೂಡುವುದು ಸಣ್ಣ ಮಾತಲ್ಲ. ಬರುವವರು ಹೋಗುವವರೆಲ್ಲ ಪಕ್ಕದಲ್ಲೇ ಚಪ್ಪಲಿ ಬಿಡುತ್ತಾರೆ, ಮಕ್ಕಳು ತಿರುಗಿ ತಿರುಗಿ ನೋಡುತ್ತವೆ.

ತಾತ ಆ ರೂಢಿಯನ್ನು ಬದಲಿಸಲಿಲ್ಲ. ಆದರೆ ಚಾಪೆಯ ಮೇಲೆ ಯಾರೇ ಕುಳಿತರೂ, ಗೋಡೆಯ ಬದಿಯ ತಮ್ಮ ಜಾಗದಿಂದ ಎದ್ದು ಬಂದು ಅವರ ಪಕ್ಕದಲ್ಲಿ ಕೂಡುತ್ತಿದ್ದರು. ಮೂರೂ ಭಾನುವಾರ. ಮೊಣಕಾಲು ಮಡಚಲು ಬಾರದೆ ಒಂದು ಕಾಲು ಮುಂದೆ ಚಾಚಿ, “ಸರಕೋ ಸ್ವಲ್ಪ” ಎಂದು ಕೂಡುತ್ತಿದ್ದರು. ಹೊಸಬರು ಯಾರಾದರೂ ನೋಡಿದರೆ ಇಬ್ಬರಲ್ಲಿ ಬಿಟ್ಟು ಹೋಗಿದ್ದವರು ಯಾರು ಎಂದು ಗೊತ್ತಾಗುತ್ತಿರಲಿಲ್ಲ. ನನ್ನ ಪುಸ್ತಕದ ಪ್ರಕಾರ ಎಂಟು ವರ್ಷದಲ್ಲಿ ಹದಿನಾರು ಮಂದಿ, ನಲವತ್ತೆಂಟು ಭಾನುವಾರ.

ಆ ಹದಿನಾರರಲ್ಲಿ ಒಬ್ಬರು ಪ್ರೇಮಕ್ಕ. ಇದು ಅವರ ನಿಜವಾದ ಹೆಸರಲ್ಲ. ಈ ಬರಹವನ್ನು ಅವರಿಗೆ ಓದಿ ಹೇಳಿದ್ದೇನೆ, ಬರಿ ಎಂದವರೂ ಅವರೇ.

ಪ್ರೇಮಕ್ಕನ ತವರು ಮಸ್ಕಿ, ಸಂಸಾರ ಸಿಂಧನೂರಿನಲ್ಲಿ. ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಹೆಣ್ಣುಮಕ್ಕಳಿಬ್ಬರ ಶಾಲೆಗೆ ಹತ್ತಿರವಾಗಿ ಬಾಡಿಗೆ ಮನೆ ಹುಡುಕಿ ಹುಡುಕಿ ಸೋತು, ಕೊನೆಗೆ ಒಂದು ಒಳ್ಳೆಯ ಮನೆ ಸಿಕ್ಕಾಗ ಮಾಲಕಿ ಅಜ್ಜಿ, ನೀವು ಚರ್ಚಿಗೆ ಹೋಗೋ ಮಂದಿಯೇನು ಎಂದು ಕೇಳಿದಳಂತೆ. ಮನೆ ಕೈತಪ್ಪೀತೆಂದು ಪ್ರೇಮಕ್ಕ “ಇಲ್ರೀ, ಅಲ್ಲ” ಎಂದುಬಿಟ್ಟರು. ಆ ಒಂದು ಮಾತನ್ನು ಕಾಯಲು ಚರ್ಚಿನ ಕಡೆ ಹೋಗುವುದನ್ನೇ ಬಿಟ್ಟರು, ಮಕ್ಕಳಿಗೂ ಮನೆಯಲ್ಲಿ ಹಾಡಬೇಡಿ ಎಂದರು. ನಾಲ್ಕು ವರ್ಷದ ನಂತರ ಬಸ್ಸಿನಲ್ಲಿ ಸಿಕ್ಕ ತಾತ “ಆರಾಮಿದ್ದೀಯೇನವ್ವ?” ಎಂದಷ್ಟೇ ಕೇಳಿದ್ದಕ್ಕೆ ಅತ್ತುಬಿಟ್ಟರು. ಸಿಂಧನೂರಿನಲ್ಲಿ ಯಾರಾದರೂ ನೋಡುತ್ತಾರೆಂಬ ಭಯಕ್ಕೆ ಭಾನುವಾರ ತವರಿಗೆ ಹೋಗುವ ನೆಪದಲ್ಲಿ ಮಸ್ಕಿಗೆ ಬಂದು ನಮ್ಮ ಚಾಪೆಯ ಮೇಲೆ ಕುಳಿತರು. ಮೂರನೇ ವಾರ ಎದ್ದು ನಿಂತು ಎಲ್ಲವನ್ನೂ ಹೇಳಿದರು. ಹೇಳುವಾಗ ಒಂದು ಕೈ ಗೋಡೆಯನ್ನು ಹಿಡಿದಿತ್ತು.

ನಾನು ಅದನ್ನು ಬರೆದುಕೊಂಡೆ. ಹಾಜರಿ ಪುಸ್ತಕದಲ್ಲಿ ಕೊನೆಯ ಕಾಲಮ್ಮಿಗೆ ‘ವಿಶೇಷ’ ಎಂದು ತಲೆಬರಹ ಕೊಟ್ಟಿದ್ದೆ. ಮರಳಿ ಬಂದ ಪ್ರತಿಯೊಬ್ಬರ ಹೆಸರು, ಊರು, ಏನು ತಪ್ಪು, ಎಷ್ಟು ವರ್ಷ, ಎಲ್ಲವೂ ಅಲ್ಲಿತ್ತು. ಹೊಸ ವರ್ಷದ ಮೊದಲ ಭಾನುವಾರ ಆರಾಧನೆಯ ನಂತರ ಹಿಂದಿನ ವರ್ಷದ ವರದಿ ಓದುವುದು ವಾಡಿಕೆ. ಆ ಸಲದ ವರದಿ ಇದುವರೆಗಿನ ಎಲ್ಲ ವರದಿಗಳಿಗಿಂತ ಚೊಕ್ಕವಾಗಿರಬೇಕೆಂದು ಒಂದು ವಾರ ಕುಳಿತು ತಯಾರಿಸಿದೆ. ಸರಾಸರಿ ಹಾಜರಿ, ದೀಕ್ಷಾಸ್ನಾನ, ಮದುವೆ ಓದಿದೆ. ಆಮೇಲೆ “ಹಿಂಜಾರಿ ಮರಳಿ ಬಂದವರು, ಮೂರು” ಎಂದು ಓದಿ, ಪ್ರತಿಯೊಬ್ಬರ ಕಾರಣವನ್ನೂ ಓದಿದೆ. ಸಭೆಯ ಮುಂದೆ ಹೇಳಿದ ಮಾತು ತಾನೇ, ಇದರಲ್ಲಿ ಗುಟ್ಟೇನು ಎಂದೇ ನನ್ನ ಯೋಚನೆ. ಹೊಸ ವರ್ಷದ ಊಟಕ್ಕೆಂದು ಹೊರ ಊರಿನಿಂದ ಬಂದವರು ಆ ದಿನ ಬಹಳ ಇದ್ದರು. ಅವರಲ್ಲಿ ಪ್ರೇಮಕ್ಕನ ಓಣಿಯ ಒಂದು ಕುಟುಂಬವೂ ಇತ್ತು. ನಾನು ತಲೆ ಎತ್ತಿದಾಗ ಮೂರನೇ ಸಾಲಿನಲ್ಲಿ ಪ್ರೇಮಕ್ಕನ ಜಾಗ ಖಾಲಿಯಾಗಿತ್ತು. ಊಟಕ್ಕೂ ನಿಲ್ಲದೆ ಹೋಗಿಬಿಟ್ಟಿದ್ದರು.

ಮುಂದಿನ ಭಾನುವಾರ ಪ್ರೇಮಕ್ಕ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಆ ದಿನ ಎಲ್ಲರೂ ಹೋದ ಮೇಲೆ ತಾತ ಪುಸ್ತಕ ಕೇಳಿ ಇಸಿದುಕೊಂಡು, ಕೊನೆಯ ಕಾಲಮ್ಮನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರು.

“ಇದನ್ನ ಯಾಕ ಬರದಿ?”

“ಲೆಕ್ಕ ಇರಲಿ ಅಂತ, ತಾತ.”

“ಯಾರಿಗೆ ಬೇಕು ಈ ಲೆಕ್ಕ? ಇನ್ನ ಅದನ್ನ ನೆನಸಂಗಿಲ್ಲ ಅಂತ ದೇವರು ಮಾತು ಕೊಟ್ಟಾನ. ಅವ ಮರೀತೀನಿ ಅಂದದ್ದನ್ನ ನೀ ಕಾಲಮ್ ಹಾಕಿ ಇಟ್ಟೀಯಲ್ಲಬೇ!”

“ಆಕಿನ ಎಲ್ಲರ ಮುಂದ ಹೇಳಿದ್ದಳಲ್ರೀ.”

“ಆಕಿ ಹೇಳಿದ್ದು ದೇವರಿಗೆ. ನಾವು ಬರೇ ಅಲ್ಲೇ ಕುಂತಿದ್ವಿ, ಆಕಿಗೆ ಒಬ್ಬಾಕಿನ ಅನಸಬಾರದಂತ. ನನ್ನ ಕುಡಿತದ್ದು ನಾ ಹೇಳಬಹುದು, ಅದು ನಂದು. ಮಂದಿದು ನೀ ಹೇಳಾಕ ಬರಂಗಿಲ್ಲ.”

ಅವರು ದನಿ ಎತ್ತಿರಲಿಲ್ಲ. ಅದಕ್ಕೇ ನನಗೆ ಅಳು ಬಂತು. ಆ ಹಾಳೆಗಳನ್ನು ಹರಿದು ಬಿಸಾಕುತ್ತೇನೆ ಎಂದೆ.

“ಹರೀಬ್ಯಾಡ. ಆ ಬಾಜೂ ಹಾಜರಿ ಐತಿ, ಅದೂ ಹೋಗತೈತಿ. ಮ್ಯಾಲೆ ಕಾಗದ ಹಚ್ಚು. ಮುಚ್ಚು.”

ಮನೆಗೆ ಹೋಗಿ ಮೈದಾ ಅಂಟು ಕಾಯಿಸಿ, ಬಿಳಿ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ‘ವಿಶೇಷ’ದ ಕಾಲಮ್ಮಿನ ಮೇಲೆಲ್ಲ ಅಂಟಿಸಿದೆ. ಹನ್ನೊಂದು ಪಟ್ಟಿಗಳಾದವು. ಒಂದೊಂದನ್ನು ಅಂಟಿಸುವಾಗಲೂ ಅದರ ಕೆಳಗಿನ ಸಾಲು ಕೊನೆಯ ಸಲ ಕಣ್ಣಿಗೆ ಬೀಳುತ್ತಿತ್ತು. ನನ್ನದೇ ಮುದ್ದಾದ ಕೈಬರಹ. ಅಡಿಗೆರೆಗಳನ್ನು ಸ್ಕೇಲ್ ಇಟ್ಟು ಎಳೆದಿದ್ದೆ.

ಶನಿವಾರ ನಾವಿಬ್ಬರೂ ಸಿಂಧನೂರಿನ ಬಸ್ ಹತ್ತಿದೆವು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ. ತಾತ ಇಳಿದವರೇ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡರು.

“ತಪ್ಪಾತು ಅನ್ನಾಕ ಹೊಂಟೀವಿ, ಮಿರ್ಚಿ ಯಾಕ್ರೀ ತಾತ?”

“ಗುರುವಿನ್ನ ಮೂರು ಸಲ ನನಗ ಗೊತ್ತಿಲ್ಲ ಅಂದ ಶಿಷ್ಯ ಒಬ್ಬಾವ ಇದ್ದನಲ್ಲ, ಅವಂಗ ಗುರು ಸತ್ತು ಎದ್ದು ಬಂದ ಮ್ಯಾಲೆ ಏನು ಮಾಡಿದ? ಯಾಕ ಹಂಗಂದಿ ಅಂತ ಕೇಳಿದನೇನು? ಮುಂಜಾನೆದ್ದು ನೀರಿನ ದಂಡಿಗೆ ಬೆಂಕಿ ಹಚ್ಚಿ, ಮೀನ ಸುಟ್ಟು, ಬರ್ರಿ ಉಣ್ಣರಿ ಅಂದ. ಪ್ರೀತಿ ಐತೇನು ಅಂತ ಕೇಳಿದ್ದು ಉಂಡ ಮ್ಯಾಲೆ. ಹಸದ ಹೊಟ್ಟಿಗೆ ದೊಡ್ಡ ಮಾತು ಹೇಳಬಾರದು, ಕೇಳಬಾರದು.”

ಪ್ರೇಮಕ್ಕ ಬಾಗಿಲು ತೆರೆದರು. ತಾತನನ್ನು ನೋಡಿ ಒಳಗೆ ಕರೆದರು, ನನ್ನ ಕಡೆ ನೋಡಲಿಲ್ಲ. ನಾನು ಉರು ಹೊಡೆದದ್ದೆಲ್ಲ ಮರೆತುಹೋಗಿ “ಅಕ್ಕ, ತಪ್ಪಾತು” ಎಂದಷ್ಟೇ ಬಂತು.

“ಓಣಿ ತುಂಬ ಗೊತ್ತಾಗೇತಿ,” ಎಂದರು ಪ್ರೇಮಕ್ಕ. “ಇವತ್ತ ನಾಳಿ ಅಮ್ಮಾರು ಮನಿ ಬಿಡು ಅಂತಾರ. ಪರೀಕ್ಷಾ ಬಂದಾವು ಹುಡುಗ್ಯಾರವು. ಎಲ್ಲಿಗೆ ಹೋಗಲಿ ನಾ?”

ಅಷ್ಟರಲ್ಲಿ ಮಾಲಕಿ ಅಜ್ಜಿಯೇ ಬಂದಳು. ಹಣೆ ತುಂಬ ವಿಭೂತಿ, ಕೈಯಲ್ಲಿ ಸೋಸುತ್ತಿದ್ದ ಮೆಂತೆ ಸೊಪ್ಪು. ಮಿರ್ಚಿಯ ವಾಸನೆ ಪಕ್ಕದ ಅವಳ ಮನೆಯವರೆಗೂ ಹೋಗಿರಬೇಕು.

“ಯಾರಬೇ ಪ್ರೇಮಾ, ಬೀಗರೇನು?”

ಪ್ರೇಮಕ್ಕ ತಾತನ ಕಡೆ ನೋಡಿದರು. ತಾತ, ಉತ್ತರ ತಮ್ಮದಲ್ಲ ಎಂಬಂತೆ, ನೆಲ ನೋಡುತ್ತ ಕುಳಿತರು.

“ನಮ್ಮ ಚರ್ಚಿನವ್ರು ರೀ, ಅಮ್ಮಾರ,” ಎಂದರು ಪ್ರೇಮಕ್ಕ. “ಮಸ್ಕಿಯವ್ರು. ಅವತ್ತ ನಾನು ನಿಮಗ ಸುಳ್ಳು ಹೇಳಿದ್ದೆ.”

“ಹೇಳಿದ್ದಿ ಬಿಡು,” ಎಂದಳು ಅಜ್ಜಿ, ಅಲ್ಲೇ ಕುಕ್ಕರಗಾಲಲ್ಲಿ ಕೂಡುತ್ತ. “ನನಗ ಬಂದ ಎರಡನೇ ತಿಂಗಳದಾಗನ ಗೊತ್ತಾಗೇತಿ. ಬಾಂಡೆ ತಿಕ್ಕುವಾಗ ಗುಂಯ್ ಗುಂಯ್ ಅಂತಿದ್ದಿ. ಆ ಹಾಡು ನಮ್ಮ ಭಜನ್ಯಾಗ ಇಲ್ಲ.”

“ಗೊತ್ತಿದ್ದೂ ಯಾಕ ಕೇಳಲಿಲ್ರೀ?”

“ಕೇಳಿದ್ರ ನಾಚಿಗ್ಗೇಡಿಗೆ ಮನಿ ಬಿಟ್ಟು ಹೋಗತಿದ್ದಿ. ನಿನ್ನಂಗ ಅಂಗಳ ಗುಡಸೋ ಬಾಡಿಗಿಯವರು ನನಗ ಎಲ್ಲಿ ಸಿಗಬೇಕು? ಅವತ್ತ ಹೌದು ಅಂದಿದ್ರ ಕೊಡತಿದ್ನೋ ಇಲ್ಲೋ, ಅದು ನಂಗೂ ಗೊತ್ತಿಲ್ಲ. ಆ ಮಾತು ಈಗ್ಯಾಕ? ಮಿರ್ಚಿ ಆರಾಕತ್ತಾವು.”

ತಾತ ನಕ್ಕ ನಗು ಓಣಿಯ ತುದಿಗೆ ಕೇಳಿರಬೇಕು. ನಾಲ್ವರೂ ಮಿರ್ಚಿ ತಿಂದೆವು. ಹೊರಡುವಾಗ ಪ್ರೇಮಕ್ಕ ನನ್ನ ಕಡೆ ತಿರುಗಿದರು.

“ಮನಿ ಉಳೀತು ಅಂತ ನೀ ಹಗರ ಆಗಬ್ಯಾಡ. ಅಲ್ಲಿ ಎದ್ದು ನಿಂದ್ರಾಕ ನನಗ ನಾಲ್ಕು ವರ್ಷ ಹಿಡೀತು. ನೀ ಅದನ್ನ ಹಾಜರಿ ಓದಿದಂಗ ಓದಿದಿ. ಇವತ್ತ ನನ್ನ ಕೈಲಿ ಆಗಂಗಿಲ್ಲ.”

ವಾಪಸ್ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ. ಕಾಲುವೆಯ ಎರಡೂ ಕಡೆ ಭತ್ತದ ನಾಟಿ ನಡೆದಿತ್ತು.

“ಆಕಿ ಮಾಫ್ ಮಾಡಲಿಲ್ಲ, ತಾತ.”

“ಇವತ್ತ ಆಗಂಗಿಲ್ಲ ಅಂದಾಳ. ಎಂದೂ ಆಗಂಗಿಲ್ಲ ಅಂದಿಲ್ಲ. ಲೆಕ್ಕದ ಟೀಚರ್ ನೀನು, ಎರಡನ್ನೂ ಒಂದ ಕಾಲಮ್ಮಿಗೆ ಹಾಕತೀಯೇನು?”

“ದೇವರು?”

“ಅವ ನಿನ್ನ ಮುಂಜಾನೆ ಮಸ್ಕಿ ಬಸ್ ಸ್ಟ್ಯಾಂಡಿನ್ಯಾಗನ ನೋಡಿರತಾನ. ಅವನ್ನ ಕಾಯಸೋದು ಏನಿಲ್ಲ. ಪ್ರೇಮಾ ಮನಷಾಳು, ಆಕಿಗೆ ಟೈಮ್ ಕೊಡು.”

ಮರುದಿನ ನಾನು ಎಂದಿನ ಕುರ್ಚಿಯಲ್ಲಿ ಕೂಡಲಿಲ್ಲ. ಯಾರೂ ಕೂಡೆಂದು ಹೇಳಿರಲಿಲ್ಲ, ಆದರೂ ಹೋಗಿ ಚಾಪೆಯ ಮೇಲೆ ಕುಳಿತೆ. ನನ್ನ ಶಾಲೆಯ ಇಬ್ಬರು ಮಕ್ಕಳು ತಿರುಗಿ ನೋಡಿ ಪಿಸುಗುಟ್ಟಿದರು. ಎಷ್ಟೋ ಮಂದಿಯ ಹೆಸರನ್ನು ಅದೇ ಚಾಪೆಯ ಲೆಕ್ಕಕ್ಕೆ ಬರೆದಿದ್ದ ನನಗೆ, ನೆಲದಿಂದ ನೋಡಿದರೆ ಆ ಚರ್ಚು ಎಷ್ಟು ಎತ್ತರ ಕಾಣುತ್ತದೆಂದು ಗೊತ್ತೇ ಇರಲಿಲ್ಲ. ಮೊದಲ ಹಾಡಿನ ನಡುವೆ ಪಕ್ಕದಲ್ಲಿ ಮೊಣಕಾಲಿನ ಲಟಕ್ ಸದ್ದು ಕೇಳಿಸಿತು.

“ಸರಕೋ ಸ್ವಲ್ಪ.”

ಮೂರನೇ ಭಾನುವಾರ ಎದ್ದು ನಿಂತು ನನ್ನ ತಪ್ಪನ್ನು ಹೇಳಿದೆ. ಕಣ್ಣು ತೆರೆದಾಗ ಮೂರನೇ ಸಾಲಿನಲ್ಲಿ ಪ್ರೇಮಕ್ಕ ಇದ್ದರು, ಈ ಸಲ ಹೆಣ್ಣುಮಕ್ಕಳಿಬ್ಬರನ್ನೂ ಕರೆದುಕೊಂಡು. ಕರ್ತನ ಭೋಜನಕ್ಕೆ ಮುಂದೆ ಹೋದಾಗ ನನಗೆ ಮೊಣಕಾಲೂರಲು ಸ್ವಲ್ಪ ಜಾಗ ಬಿಟ್ಟರು. ಅಲ್ಲಿಂದ ಮುಂದೆಯೂ ಆ ವಿಷಯವನ್ನು ನಾವು ಎತ್ತಲಿಲ್ಲ. ಅವರು ನನ್ನೊಡನೆ ಬೇಕಾದಷ್ಟು ಮಾತಾಡುತ್ತಿದ್ದರು, ಆದರೆ ನನ್ನ ಕೈಯಲ್ಲಿ ಪೆನ್ನು ಕಂಡರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ತಾತನ ಆರೋಗ್ಯ ಕೆಟ್ಟದ್ದು ಈ ಬೇಸಿಗೆಯಲ್ಲಿ. ಲಿಂಗಸುಗೂರಿನ ಆಸ್ಪತ್ರೆಗೆ ಒಂಬತ್ತು ಸಲ ಹೋಗಿ ನೋಡಿಬಂದೆ. ಕೊನೆಯ ಸಲ ಹೋದಾಗ, ಭಾನುವಾರ ಎಷ್ಟು ಬಂದಿದ್ದರೆಂದು ಕೇಳಿದರು. ಐವತ್ತೆಂಟು ಎಂದೆ. “ಹೊರಗ?” ಎಂದರು. ಹೊರಗೆ ಇಬ್ಬರು, ಸೇರಿಸೀನಿ ಎಂದೆ. ಕಣ್ಣು ಮುಚ್ಚಿಕೊಂಡು “ರೈಟ್” ಎಂದರು.

ಅವರನ್ನು ಮಣ್ಣು ಮಾಡುವ ದಿನ ಚರ್ಚಿನ ಒಳಗೆ ಜಾಗ ಸಾಲಲಿಲ್ಲ. ಸಿಂಧನೂರಿನಿಂದ ಪ್ರೇಮಕ್ಕ ಬಂದರು, ಜೊತೆಗೆ ಮಾಲಕಿ ಅಜ್ಜಿ. ಅಜ್ಜಿ ಒಳಗೆ ಬರಲು ಒಪ್ಪದೆ ಬೇವಿನ ಗಿಡದ ಬುಡಕ್ಕೆ ಕುರ್ಚಿ ಹಾಕಿಸಿಕೊಂಡಳು. ಅವಳನ್ನೂ ಎಣಿಸಿದೆ. ಪ್ರೇಮಕ್ಕ ಮತ್ತು ನಾನು ಬಂದವರಿಗೆ ಕೂಡಲು ಅಂಗಳದಲ್ಲಿ ಹಾಸುವುದಕ್ಕೆಂದು ಚಾಪೆಗಳನ್ನು ಹೊರಗೆ ತರುತ್ತಿದ್ದೆವು. ಅಷ್ಟರಲ್ಲಿ ಸಭಾಪಾಲಕರು ನನ್ನನ್ನು ಕರೆದರು. ಅವರು ನಮ್ಮಲ್ಲಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಆರಾಧನೆಯಲ್ಲಿ ಓದಲು ತಾತನ ಜೀವನದ ಪರಿಚಯ ಬರೆಯುತ್ತಿದ್ದರು. ಹುಟ್ಟಿದ ಊರು, ಮದುವೆ, ಕೆಲಸಕ್ಕೆ ಸೇರಿದ್ದು, ನಿವೃತ್ತಿ, ಕೇಳಿದ್ದಕ್ಕೆಲ್ಲ ನನ್ನ ಹತ್ತಿರ ಉತ್ತರವಿತ್ತು. ಚಾಪೆಯ ಮೇಲಿನ ನಲವತ್ತೆಂಟು ಭಾನುವಾರವನ್ನೂ ಬರೆಸಿದೆ.

“ನಡುವೆ ಎಷ್ಟು ವರ್ಷ ಸಭೆ ಬಿಟ್ಟಿದ್ದರು?” ಎಂದು ಕೇಳಿದರು ಅವರು. “ಕುಡಿತದ ಕಾಲದ್ದು. ನಿಮ್ಮ ಹತ್ತಿರ ಎಲ್ಲದಕ್ಕೂ ಲೆಕ್ಕ ಇರುತ್ತೆ ಅಂದರು.”

ಚಾಪೆಯ ಸುರುಳಿ ಹಿಡಿದುಕೊಂಡು ಪ್ರೇಮಕ್ಕ ಬಾಗಿಲಲ್ಲೇ ನಿಂತಿದ್ದರು.

“ಅದು ನನ್ನ ಹತ್ರ ಇಲ್ರೀ,” ಎಂದೆ.

ಸಭಾಪಾಲಕರು ಹಾಜರಿ ಪುಸ್ತಕವನ್ನು ಹಿಂದಕ್ಕೆ ತಿರುವಿದರು. ಬಿಳಿ ಪಟ್ಟಿಗಳು ಕಂಡವು. ಬೆಳಕಿಗೆ ಹಿಡಿದು ನೋಡಿ, ಏನೂ ಕಾಣದೆ ಮುಚ್ಚಿ ಕೊಟ್ಟು ಒಳಗೆ ಹೋದರು.

ಪ್ರೇಮಕ್ಕ ನನ್ನನ್ನೇ ನೋಡುತ್ತಿದ್ದರು. ತಾತ ತಮ್ಮ ಕಥೆಯನ್ನು ನೂರು ಸಲ ಹೇಳಿದ್ದರು. ಆ ಅಂಗಳದಲ್ಲಿದ್ದ ಅರ್ಧ ಮಂದಿಗೆ ಆ ಲೆಕ್ಕ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಪ್ರೇಮಕ್ಕನಿಗೂ ಗೊತ್ತಿತ್ತು.

“ಮರತೀಯೇನಬೇ, ಲೆಕ್ಕದ ಟೀಚರ?”

“ಹೂಂ ಅಕ್ಕ. ಮರತೀನಿ.”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಚಾಪೆಯ ಸುರುಳಿಯನ್ನು ನೆಲಕ್ಕೆ ಇಳಿಸಿದರು.

“ಹಿಡಿ ಹಂಗಂದ್ರ ಆ ಕಡಿ ಅಂಚು,” ಎಂದರು. “ಇಬ್ಬರೂ ಹಾಸೂಣು.”